ಮೇಣದ ಪೆನ್ಸಿಲಿನ ಗೆರೆ

ಸೀಸದ ಅಚ್ಚುಮೊಳೆಗಳನ್ನು ಸಾಲಾಗಿ ನಿಲ್ಲಿಸಿ, ಕಬ್ಬಿಣದ ಚೌಕಟ್ಟಿನೊಳಗೆ ಕೂರಿಸಿ, ಸುತ್ತ ಬೆಣೆ ಹೊಡೆದನೆಂದರೆ ಮುಗಿಯಿತು. ಇಡೀ ಪುಟವನ್ನು ಎತ್ತಿ ತಲೆಕೆಳಗು ಮಾಡಿದರೂ ಒಂದು ಚುಕ್ಕೆ ಉದುರುತ್ತಿರಲಿಲ್ಲ. ಹಾಗಾಗಿ ಮುದ್ರಣಾಲಯದಲ್ಲಿ ಎಲ್ಲರಿಗೂ ಅವನು ಬಿಗಿ ಮಾವ. ಮನೆಯಲ್ಲೂ ಉಪ್ಪಿನ ಡಬ್ಬಿ ಎರಡು ಬೆರಳು ಸರಿದಿದ್ದರೆ ಮುಖ ಸಿಂಡರಿಸುತ್ತಿದ್ದ. ಮಂಚದ ಮೇಲೆ ಮಾತ್ರ ಈ ಶಿಸ್ತು ಇಲ್ಲ. ತಾನು ಅಡ್ಡಡ್ಡ ಮಲಗಿ, ಹೆಂಡತಿಗೆ ಅಂಚಿನಲ್ಲಿ ಒಂದು ಗೇಣು ಬಿಡುತ್ತಿದ್ದ.

ಸೀಸ ಹೋಗಿ ಕಂಪ್ಯೂಟರ್ ಬಂದಾಗ ಯಜಮಾನರು ಅವನನ್ನು ತಪ್ಪು ತಿದ್ದುವ ಕೆಲಸಕ್ಕೆ ಹಾಕಿದರು. ಪರದೆಯ ಮೇಲೆ ಒಂದು ವಿಂಡೋದಲ್ಲಿ ಹಸ್ತಪ್ರತಿ, ಇನ್ನೊಂದರಲ್ಲಿ ಟೈಪಾದ ಪುಟ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಆದರೆ ಇವಕ್ಕೆ ಬೆಣೆ ಹೊಡೆಯುವುದು ಎಲ್ಲಿ? ಒಂದನ್ನು ಎಳೆದರೆ ಇನ್ನೊಂದರ ತಲೆಯ ಮೇಲೆ ಹತ್ತಿ ಕೂರುವುದು. ಚಿಕ್ಕದು ಮಾಡಹೋದರೆ ಊದಿಕೊಂಡು ಪರದೆಯನ್ನೆಲ್ಲ ನುಂಗುವುದು. ಕೊನೆಗೆ ಮೇಣದ ಪೆನ್ಸಿಲಿನಿಂದ ಪರದೆಯ ಮೇಲೇ ಗೆರೆ ಹೊಡೆದ: ಈಚೆಗೆ ನೀನು, ಆಚೆಗೆ ನೀನು. ದಿನಾ ಬೆಳಿಗ್ಗೆ ಗೆರೆಗೆ ಸರಿಯಾಗಿ ಎಳೆದು ಕೂರಿಸಲು ಮುಕ್ಕಾಲು ಗಂಟೆ ಬೇಕು. ಸಂಜೆ ಮನೆಗೆ ಹೋಗಿ ಹೆಂಡತಿಯೆದುರು ಅದೇ ಗೋಳು.

ಯಜಮಾನರ ಮಗಳಿಗೆ ನಗು ತಡೆಯಲಾಗಲಿಲ್ಲ. “ಮಾವ, ಎರಡು ಗುಂಡಿ ಒತ್ತಿದ್ರೆ ಆಯ್ತು. ತೋರಿಸ್ಲಾ?”

“ನಿನಗೆ ಅ ಆ ಇ ಈ ಕಲಿಸಿದ್ಯಾರು?”

“ನೀವೇ.”

“ಹಾಗಾದ್ರೆ ಹೋಗು, ನಿನ್ ಕೆಲ್ಸ ನೋಡ್ಕೋ.”

ಒಂದು ಶುಕ್ರವಾರ ಕಸ ಗುಡಿಸುವಾಕೆ ಒದ್ದೆ ಬಟ್ಟೆಯಿಂದ ಪರದೆಯನ್ನು ಫಳಫಳ ಉಜ್ಜಿಟ್ಟಳು. ಗೆರೆಗಳು ಮಂಗಮಾಯ. ಶನಿವಾರವೇ ಶಾಲೆಯ ಪಠ್ಯದ ಹತ್ತು ಪುಟ ಅರ್ಜೆಂಟಾಗಿ ಬಂತು.

“ಮೂರಕ್ಕೆ ಮುಗೀದಿದ್ರೆ ಸೋಮವಾರದಿಂದ ನೀವು ಆರಾಮಾಗಿ ಮನೇಲಿರಿ ಮಾವ. ಏನೂ ಬೇಜಾರಿಲ್ಲ” ಎಂದರು ಯಜಮಾನರು. ಆ ‘ಬೇಜಾರಿಲ್ಲ’ ಅವನ ಎದೆಗೇ ಬೆಣೆ ಹೊಡೆದಂತಾಯಿತು.

ಒಂದು ಗಂಟೆಯ ತನಕ ಕುಸ್ತಿ. ಹಸ್ತಪ್ರತಿ ಪರದೆಯಾಚೆ ಜಾರಿ, ಬಿಲ ಹೊಕ್ಕ ಇಲಿಯಂತೆ ಬಾಲವಷ್ಟೇ ಕಾಣುತ್ತಿತ್ತು. ಸೋತು ಊಟದ ಡಬ್ಬಿ ತೆರೆದ. ಮುಚ್ಚಳದಲ್ಲಿ ಚೀಟಿ, ಹೆಂಡತಿಯ ಕಾಗೆಕಾಲಿನ ಅಕ್ಷರ:

‘ಕೂರಿಸಬೇಕಾದ ವಿಂಡೋದ ಮೇಲೆ ಒತ್ತಿ. ಆಮೇಲೆ ಕೀಬೋರ್ಡಿನ ಕೆಳಸಾಲಿನ ನಾಲ್ಕು ಚೌಕದ ಗುಂಡಿ ಹಿಡಿದುಕೊಂಡೇ ಎಡಬಾಣ. ಇನ್ನೊಂದಕ್ಕೆ ಬಲಬಾಣ. ಯಜಮಾನರ ಮಗಳು ಫೋನಿನಲ್ಲಿ ಹೇಳಿದಳು. ಅವಳನ್ನು ಬೈಯಬೇಡಿ, ಕೇಳಿದವಳು ನಾನು.’

ಚೀಟಿಯಲ್ಲಿ ಎರಡು ಕಾಗುಣಿತ ತಪ್ಪಿದ್ದವು. ಮೊದಲು ಅವನ್ನು ತಿದ್ದಿದ. ಆಮೇಲೆ ಅತ್ತಿತ್ತ ನೋಡಿ, ಕಳ್ಳನಂತೆ ಒತ್ತಿದ. ಇಲಿ ಬಿಲದಿಂದ ಹೊರಬಂದು ಎಡಗಡೆಯ ಅರ್ಧಕ್ಕೆ ಟಕ್ಕನೆ ಕೂತಿತು. ಬಲಬಾಣ ಒತ್ತಿದರೆ ಇನ್ನೊಂದು ಬಲಕ್ಕೆ. ನಡುವೆ ಕೂದಲೆಳೆಯ ಸಂದಿಲ್ಲ. ಹಳೆ ಅಭ್ಯಾಸ, ಹೆಬ್ಬೆರಳಿನಿಂದ ಪರದೆಯನ್ನು ಒತ್ತಿ ನೋಡಿದ. ಅಲುಗಲಿಲ್ಲ.

ಮೂರಕ್ಕೆ ಐದು ನಿಮಿಷ ಇರುವಾಗ ಹತ್ತೂ ಪುಟ ಯಜಮಾನರ ಮೇಜಿನ ಮೇಲಿದ್ದವು. “ಸೋಮವಾರ ಸ್ವಲ್ಪ ಬೇಗ ಬನ್ನಿ” ಎಂದರು ಅವರು.

ಭಾನುವಾರ ಮಧ್ಯಾಹ್ನ ಮಂಚಕ್ಕೆ ಒರಗುತ್ತ ಅವನೆಂದ, “ಆ ಗುಂಡಿ ನಂಗೆ ಗೊತ್ತೇ ಇತ್ತು ಕಣೇ. ನೆನಪಾಗ್ತಿರ್ಲಿಲ್ಲ, ಅಷ್ಟೆ.”

“ಹೌದೌದು. ಈಗ ಎಡಕ್ಕೆ ಸರೀರಿ. ಮೂವತ್ತು ವರ್ಷದಿಂದ ಒತ್ತೀ ಒತ್ತೀ ಸಾಕಾಯ್ತು. ನಿಮಗೆ ಆ ಗುಂಡಿ ಎಲ್ಲಿಟ್ಟಿದಾನೋ ದೇವರು!”

ಮಾವ ಎದ್ದು ಹೋಗಿ ಅಳತೆಕೋಲು ತಂದ. ಮಂಚದ ತಲೆಹಲಗೆಯನ್ನು ಅಳೆದು, ಸರಿಯಾಗಿ ನಡುವೆ ಮೇಣದ ಪೆನ್ಸಿಲಿನಿಂದ ಗೆರೆ ಎಳೆದು, ದಿಂಬು ಹಿಡಿದು ಎಡಕ್ಕೆ ಸರಿದ.

ಆ ಹಲಗೆಗೆ ಒದ್ದೆ ಬಟ್ಟೆ ತಾಗಲು ಅವಳು ಮತ್ತೆಂದೂ ಬಿಡಲಿಲ್ಲ.