ಎರಡು ಬಿಸಿಲು ಉಂಡ ಹಾಳೆ

ಬ್ಯಾಡಗಿಯಲ್ಲಿ ಶಾವಿಗೆ ಎಂದರೆ ಸಿದ್ದವ್ವ. ಇದು ಹೊಗಳಿಕೆಯಲ್ಲ, ಇದ್ದ ಮಾತು. ಲಗ್ನ ಗೊತ್ತಾದ ಮನೆಯವರು ಬಂಗಾರದ ಅಂಗಡಿಗೆ ಹೋಗುವ ಮೊದಲು ಇವಳ ಮನೆಗೆ ಬಂದು, ಯಾವಾಗ ಬರುತ್ತೀರಿ ಎಂದು ಕೇಳಿಕೊಂಡು ಹೋಗುತ್ತಿದ್ದರು. ಹೋದವಳು ಸುಮ್ಮನೆ ಕೈ ತೊಳೆದು ಕೂಡುವವಳಲ್ಲ. ಗೋಧಿ ಯಾರ ಹೊಲದ್ದು, ಎಷ್ಟು ಹೊತ್ತು ನೆನೆಸಿದಿರಿ, ಹಿಟ್ಟು ಗಾಳಿಸಿದ ಅರಿವೆ ಎಲ್ಲಿ ತೋರಿಸಿರಿ ಎಂದು ವರನ ಕುಲಗೋತ್ರ ಕೇಳಿದ ಹಾಗೆ ಕೇಳುವಳು. ಹಿಟ್ಟು ಮನಸ್ಸಿಗೆ ಬರದಿದ್ದರೆ ಸೆರಗು ಕೊಡವಿ ಎದ್ದು ಬಂದುಬಿಡುವಳು. ಹಾಗೆ ಎದ್ದು ಬಂದ ಮನೆಯವರೇ ಮರುದಿನ ಬೇರೆ ಹಿಟ್ಟು ಮಾಡಿಟ್ಟುಕೊಂಡು ಮತ್ತೆ ಕರೆಯಲು ಬರುತ್ತಿದ್ದರು. ಸೊಕ್ಕು ಅನ್ನುವಿರಾ? ಇತ್ತು. ಆ ಸೊಕ್ಕಿಗೆ ತಕ್ಕ ಕೈಯೂ ಇತ್ತು.

ಗಂಡ ಅಂದಾನೆಪ್ಪನದು ಖಾರ ಕುಟ್ಟುವ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ಮೇಲೆ ಮಾಳಿಗೆ. ಓಣಿ ದಾಟಿದರೆ ಮೆಣಸಿನಕಾಯಿ ಹರವುವ ಬಯಲು. ಸುಗ್ಗಿಯ ದಿನಗಳಲ್ಲಿ ಊರಿಗೆ ಊರೇ ಕೆಂಪಾಗಿ, ಬಸ್ಸಿನಿಂದ ಇಳಿದ ಪರಊರಿನವರು ನಿಲ್ದಾಣದಲ್ಲೇ ಸೀನತೊಡಗುವರು. ಮನೆಗೆ ಬಂದ ಬೀಗರು ಮೂಗಿಗೆ ಸೆರಗು ಹಿಡಿದರೆ ಸಿದ್ದವ್ವ ಬಾಯಿ ತುಂಬ ನಗುವಳು. ಘಾಟು ಎಲ್ಲಿ ಐತಿ, ನನಗಂತೂ ಕಾಣವಲ್ಲದು ಎನ್ನುವಳು. ಖರೆಯೇ. ಅವಳಿಗೆ ಕಾಣುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ತಾನೂ ಕಣ್ಣೀರು ಮೂಗು ಒಂದು ಮಾಡಿಕೊಂಡು ಅತ್ತಿದ್ದು ಅವಳಿಗೆ ಮರೆತೇ ಹೋಗಿತ್ತು.

ಮಗ ಒಬ್ಬನೇ, ವೀರೇಂದ್ರ. ಗಿರಣಿಯಲ್ಲಿ ಕೂಡಲಾರೆ ಎಂದು ಅಡಿಗೆ ಕಲಿತವನು. ಗಂಡುಮಗ ಸೌಟು ಹಿಡಿಯುವುದೆಂದರೇನು ಎಂದು ಅಂದಾನೆಪ್ಪ ಬಹಳ ದಿನ ಮಾತು ಬಿಟ್ಟಿದ್ದ. ಗೋವೆಯ ಹೋಟೆಲುಗಳಲ್ಲಿ ದುಡಿದು ಬಂದ ವೀರೇಂದ್ರ ಹಾವೇರಿಯ ಹತ್ತಿರ ಹೆದ್ದಾರಿಯ ಮೇಲೆ ಸ್ವಂತ ಹೋಟೆಲು ತೆರೆದ. ರೊಟ್ಟಿ ಊಟದ ಜೊತೆಗೆ ಕಾರಿನವರಿಗೆಂದು ಪರದೇಶದ ತಿನಿಸುಗಳನ್ನೂ ಮಾಡುತ್ತಿದ್ದ. ಅದರಲ್ಲಿ ಒಂದು ಲಸಾನ್ಯಾ. ಗೋಧಿ ಹಿಟ್ಟಿನ ಅಗಲ ಹಾಳೆ, ಅದರ ಮೇಲೆ ಹಾಲಿನ ಗೊಜ್ಜು, ತರಕಾರಿ, ಚೀಸು. ಮತ್ತೆ ಹಾಳೆ, ಮತ್ತೆ ಗೊಜ್ಜು. ಹೀಗೆ ಪದರು ಪದರಾಗಿ ಇಟ್ಟು ಬೇಯಿಸುವುದು. ಸಿದ್ದವ್ವ ಒಮ್ಮೆ ನೋಡಿ, ಶಾವಿಗೆ ಹೊಸೆಯಲು ಬೇಸರಪಟ್ಟವಳು ಯಾವಳೋ ಇದನ್ನು ಕಂಡುಹಿಡಿದಿರಬೇಕು ಎಂದಿದ್ದಳು. ಮಗ ಬಿದ್ದು ಬಿದ್ದು ನಕ್ಕಿದ್ದ.

ಆ ಬಾಯಿಗೇ ಹುಣ್ಣು ಬಂತು. ಗೋವೆಯಲ್ಲಿ ಹತ್ತಿದ ಗುಟಕಾ ಚಟ. ಹಾಳಾದ್ದು, ಎಷ್ಟು ಹೇಳಿದರೂ ಬಿಡಲಿಲ್ಲ. ಬಿಟ್ಟಾಗ ಹೊತ್ತು ಮೀರಿತ್ತು. ಹುಬ್ಬಳ್ಳಿಯಲ್ಲಿ ದವಡೆ ಕೊಯ್ದರು, ಆಮೇಲೆ ಕ್ಯಾನ್ಸರಿಗೆ ಕೊಡುವ ಕಿರಣದ ಕರೆಂಟು ಕೊಟ್ಟರು. ಕರೆಂಟು ಕೊಟ್ಟ ಮೇಲೆ ಬಾಯಿಯೊಳಗೆ ಚರ್ಮವೆಂಬುದೇ ಉಳಿಯಲಿಲ್ಲ. ಹೋಟೆಲು ಮುಚ್ಚಿತು. ಹೆಂಡತಿ ಶೈಲಶ್ರೀ ಹಾವೇರಿಯ ಕಚೇರಿಯೊಂದರಲ್ಲಿ ನೌಕರಿಯವಳು. ಅವಳು ದುಡಿಯಲೇಬೇಕು, ಇವನ ಹತ್ತಿರ ಒಬ್ಬರು ಇರಲೇಬೇಕು. ಹಾಗಾಗಿ ಸಿದ್ದವ್ವ ಮಗನನ್ನು ಬ್ಯಾಡಗಿಗೆ ಕರೆತಂದಳು. ಶೈಲಶ್ರೀ ರಜೆ ಸಿಕ್ಕಾಗಲೆಲ್ಲ ಬಂದು ಹೋಗುತ್ತಿದ್ದಳು.

ಗಂಜಿ, ಹಾಲು, ರಾಗಿ ಅಂಬಲಿ ಯಾವುದೂ ಅವನ ಬಾಯಿಗೆ ಹೋಗುತ್ತಿರಲಿಲ್ಲ. ಮುಖ ಎಂಬುದು ಎರಡು ಕಣ್ಣು ಮಾತ್ರವಾಯಿತು. ಡಾಕ್ಟರು ತೂಕ ನೋಡಿ, ಮುಂದಿನ ಸಲ ಬರುವುದರೊಳಗೆ ಬಾಯಲ್ಲಿ ಉಣ್ಣದಿದ್ದರೆ ಮೂಗಿನಿಂದ ನಳಿಕೆ ಇಳಿಸಬೇಕಾಗುತ್ತದೆ ಎಂದರು. ಪಕ್ಕದ ಮಂಚಗಳಲ್ಲಿ ನಳಿಕೆ ಹಾಕಿಸಿಕೊಂಡವರನ್ನು ವೀರೇಂದ್ರ ನೋಡಿದ್ದ. ಅವರಲ್ಲಿ ಯಾರೂ ಅದನ್ನು ತೆಗೆಸಿಕೊಂಡು ಮನೆಗೆ ಹೋದದ್ದನ್ನು ಅವನು ಕಂಡಿರಲಿಲ್ಲ. ಮನೆಗೆ ಬಂದವನೇ ತಾಯಿಯ ಕೈ ಹಿಡಿದುಕೊಂಡ.

"ಅವ್ವಾ, ಮೂಗಿನಾಗ ನಳಿಗಿ ಬ್ಯಾಡ. ನಾ ಬಾಯಿಲೇ ಉಣ್ಣತೇನಿ."

ಏನು ಉಣ್ಣುತ್ತೀ ಎಂದು ಅವಳು ಕೇಳಿದಳು. ಅವನು ಲಸಾನ್ಯಾ ಎಂದ. ಟೊಮೆಟೊ ಬೇಡ, ಉರಿಯುತ್ತದೆ. ಬರೇ ಹಾಲಿನ ಗೊಜ್ಜು, ಬೆಂದ ಕುಂಬಳಕಾಯಿ, ಮೆತ್ತಗಿನ ಹಾಳೆ. ನಾಲಿಗೆಯ ಮೇಲಿಟ್ಟರೆ ತಾನಾಗಿ ಜಾರಿ ಹೋಗುತ್ತದೆ ಎಂದು ತೊದಲುತ್ತ ಹೇಳಿದ. ಇಷ್ಟು ದಿನಗಳಲ್ಲಿ ಅವನು ಬೇಕು ಎಂದು ಕೇಳಿದ್ದು ಅದೊಂದೇ. ಸಿದ್ದವ್ವನಿಗೆ ಹೋದ ಜೀವ ಬಂದ ಹಾಗಾಯಿತು.

ಶೈಲಶ್ರೀ ಫೋನಿನಲ್ಲೇ ಹಾಳೆಯ ಡಬ್ಬಿ ತರಿಸುತ್ತೇನೆ ಎಂದಳು. ಅಲ್ಲಿಗೆ ಮುಗಿಯಬೇಕಾಗಿದ್ದ ಮಾತು. ಮುಗಿಯಲಿಲ್ಲ.

"ಊರಿಗೆಲ್ಲ ಶಾವಿಗಿ ಮಾಡಿಕೊಟ್ಟಾಕಿ ನಾ," ಎಂದಳು ಸಿದ್ದವ್ವ. "ನನ್ನ ಮಗಗ ಹಿಟ್ಟಿನ ಹಾಳಿ ಡಬ್ಬ್ಯಾಗ ಬರಬೇಕೇನು?"

ಸೊಸೆ ಡಬ್ಬಿಯ ಮಾತು ಬಿಟ್ಟಳು. ಹೆತ್ತ ಹೊಟ್ಟೆಯ ಎದುರು ಯಾರು ವಾದ ಮಾಡುತ್ತಾರೆ? ಹಸಿ ಹಾಳೆಯೂ ನಡೆಯುತ್ತದೆ, ಒಣಗಿಸುವ ಉಸಾಬರಿ ಬೇಡ ಎಂದು ಮಗನೂ ಹೇಳಿನೋಡಿದ. ಅದಕ್ಕೂ ಅವಳು ಕಿವಿಗೊಡಲಿಲ್ಲ. ಬಿಸಿಲು ಉಣ್ಣದ ಹಿಟ್ಟು ಹೊಟ್ಟೆಗೆ ಭಾರ ಎಂಬುದು ಅವಳ ನಂಬಿಕೆ. ಒಂದಲ್ಲ, ಎರಡು ಬಿಸಿಲು ಉಣ್ಣಬೇಕು.

ಅವಳು ಮಾಡಿದ ಜತನಕ್ಕೆ ಹೆಸರಿಡುವ ಹಾಗಿರಲಿಲ್ಲ. ಜವೆಗೋಧಿ ತರಿಸಿದಳು. ಗಿರಣಿಯಲ್ಲಿ ಖಾರ ಕುಟ್ಟುತ್ತಾರೆಂದು ಅತ್ತ ಕಾಳು ಒಯ್ಯದೆ, ಮೂಲೆ ಸೇರಿದ್ದ ಬೀಸುಕಲ್ಲನ್ನು ತೊಳೆದು ಕೈಯಲ್ಲೇ ಬೀಸಿದಳು. ಮೂರು ಸಲ ಅರಿವೆಯಲ್ಲಿ ಗಾಳಿಸಿದಳು. ಉಗುರಿನಲ್ಲಿ ಖಾರ ಉಳಿದೀತೆಂದು ಮಜ್ಜಿಗೆಯಿಂದ ಕೈ ತಿಕ್ಕಿದಳು. ಹಿಟ್ಟು ನಾದಿ, ಒದ್ದೆ ಅರಿವೆ ಮುಚ್ಚಿ ತಣಿಯಲು ಬಿಟ್ಟು, ಮತ್ತೆ ನಾದಿ, ಲಟ್ಟಣಿಗೆ ಹಿಡಿದು ಕೂತಳು. ಅಂಗೈ ಕೆಳಗಿಟ್ಟರೆ ಗೆರೆಗಳು ಕಾಣುವಷ್ಟು ತೆಳು. ಮಗ ಗೋಡೆಗೆ ಒರಗಿ ನೋಡುತ್ತ ಅಂಚು ಸಮ ಮಾಡು, ನಡುವೆ ದಪ್ಪ ಬಿಡಬೇಡ ಎಂದು ಕೈಸನ್ನೆಯಲ್ಲೇ ಯಜಮಾನಿಕೆ ಮಾಡಿದ. ಹೋಟೆಲು ಮುಚ್ಚಿದ ಮೇಲೆ ಅವನು ಯಾರಿಗೂ ಹೀಗೆ ಅಪ್ಪಣೆ ಕೊಟ್ಟಿರಲಿಲ್ಲ. ಅದನ್ನು ಕಂಡು ಸಿದ್ದವ್ವ ಒಳಗೇ ಹಿಗ್ಗಿದಳು.

ಮಾಳಿಗೆಯ ಮೇಲೆ ಕಾಟು ಮಂಚ ಹಾಕಿ, ಉಡದ ಹೊಸ ಧೋತರ ಹಾಸಿ, ಹಾಳೆಗಳನ್ನು ಹರವಿದಳು. ಹಪ್ಪಳದ ಹಾಗೆ ಅಂಚು ಮುದುಡದಂತೆ ನೆತ್ತಿಯ ಬಿಸಿಲಿನಲ್ಲಿ ಒಂದೊಂದನ್ನೇ ಮಗುಚಿದಳು. ಕಾಗೆ ಬಾರದಂತೆ ಕೋಲು ಹಿಡಿದು ಅಲ್ಲೇ ಕೂತಳು. ಓಣಿಯಾಚೆ ಬಯಲಿನಲ್ಲಿ ಹೆಂಗಸರು ಮೆಣಸಿನಕಾಯಿ ರಾಶಿಯನ್ನು ಕಾಲಿನಿಂದ ತಿರುವಿ ಹಾಕುತ್ತಿದ್ದರು. ಗಾಳಿ ಅತ್ತಲಿಂದಲೇ ಬೀಸುತ್ತಿತ್ತು. ಸೆಕೆಗೆ ಆ ಗಾಳಿ ಅವಳಿಗೆ ಹಿತವೆನಿಸಿತು.

ರವಿವಾರ ಶೈಲಶ್ರೀ ಹೋಟೆಲಿನಲ್ಲಿದ್ದ ಸಣ್ಣ ಓವನ್ ಪೆಟ್ಟಿಗೆಯನ್ನು ಹೊತ್ತು ತಂದಳು. ಹಾಲಿನ ಗೊಜ್ಜು ಮಾಡಿದಳು, ರುಚಿ ನೋಡಿದಳು, ಕುಂಬಳ ಬೇಯಿಸಿದಳು. ಹಾಳೆಗಳನ್ನು ಕುದಿವ ನೀರಿಗೆ ಬಿಟ್ಟರೆ ಒಂದೂ ಹರಿಯಲಿಲ್ಲ. ಎಂಥ ಕೈರೀ ನಿಮ್ಮದು ಎಂದು ಸೊಸೆಯೇ ಬೆರಗಾದಳು. ಪದರು ಇಟ್ಟು ಬೇಯಿಸಿ, ಆರಿಸಿ, ಬೆರಳಷ್ಟು ತುಂಡು ಮಾಡಿ ವೀರೇಂದ್ರನ ಮುಂದಿಟ್ಟರು. ಅಂದಾನೆಪ್ಪನೂ ಗಿರಣಿ ನಿಲ್ಲಿಸಿ ಒಳಗೆ ಬಂದು ಬಾಗಿಲ ಹತ್ತಿರ ನಿಂತ.

ವೀರೇಂದ್ರ ಬಾಯಿ ತೆರೆದ. ಅಷ್ಟು ತೆರೆಯಲೂ ಅವನು ಪಟ್ಟ ಪಾಡನ್ನು ನೋಡಲಾಗುತ್ತಿರಲಿಲ್ಲ. ಮೊದಲ ತುತ್ತು ನಾಲಿಗೆಯ ಮೇಲೆ ಕೂತಿತು. ಅವನು ಕಣ್ಣು ಮುಚ್ಚಿದ. ಸಿದ್ದವ್ವ ಅದನ್ನು ಸುಖವೆಂದುಕೊಂಡಳು. ಕಣ್ಣಂಚಿನಿಂದ ನೀರು ಇಳಿಯಿತು. ಅದನ್ನೂ ಹಾಗೆಂದೇ ತಿಳಿದಳು. ಅವನು ನುಂಗಿದ. ತಾಯಿಯ ಮುಖ ನೋಡಿ ಎರಡನೆಯ ತುತ್ತಿಗೂ ಬಾಯಿ ತೆರೆದ. ಮೂರನೆಯದು ಒಳಗೆ ಹೋಗುತ್ತಿದ್ದಂತೆ ಎರಡೂ ಕೈಯಿಂದ ದವಡೆ ಹಿಡಿದುಕೊಂಡು, ಮಂಚದಿಂದ ಕೆಳಗೆ ಉರುಳಿದ. ಉಗಿದದ್ದರಲ್ಲಿ ರಕ್ತವಿತ್ತು.

ಅವನನ್ನು ಎತ್ತಿ ಮಲಗಿಸಿ, ತಣ್ಣನೆಯ ಹಾಲಿನಲ್ಲಿ ಅದ್ದಿದ ಅರಿವೆ ಬಾಯಿಗಿಟ್ಟ ಮೇಲೆ ಶೈಲಶ್ರೀ ತಟ್ಟೆಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡಳು. ಆಮೇಲೆ ಬೇಯಿಸದೆ ಉಳಿದಿದ್ದ ಒಣ ಹಾಳೆ ಮುರಿದು ನಾಲಿಗೆಗೆ ಹಚ್ಚಿದಳು.

"ಅತ್ತೀ, ಇವನ್ನ ಎಲ್ಲಿ ಒಣಗ್ಸಿದ್ರಿ?"

"ಮಾಳಗಿ ಮ್ಯಾಲವ್ವ. ಮತ್ತೆಲ್ಲಿ?"

ಸೊಸೆ ಹಾಳೆಯನ್ನು ಅವಳ ಕೈಗೆ ಕೊಟ್ಟಳು. ಸಿದ್ದವ್ವ ನೆಕ್ಕಿದಳು. ಗೋಧಿ. ಮತ್ತೆ ನೆಕ್ಕಿದಳು. ಬರೇ ಗೋಧಿ. ಖಾರ ಹತ್ತುತ್ತದೆ ಅತ್ತೀ, ಬಯಲಿನ ಮೆಣಸಿನಕಾಯಿ ಧೂಳು ಗಾಳಿಯಲ್ಲಿ ಬಂದು ಕೂತಿದೆ ಎಂದು ಶೈಲಶ್ರೀ ತಗ್ಗಿದ ದನಿಯಲ್ಲಿ ಹೇಳಿದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಹೇಳುತ್ತದೆ. ಚರ್ಮವಿಲ್ಲದ ಬಾಯಿಗೆ ಆ ಮಾತು ಯಾರು ಹೇಳಬೇಕು? ಕಾಗೆಯನ್ನು ಕಾಯುತ್ತ ಕೂತವಳಿಗೆ ಗಾಳಿ ಕಾಣಲಿಲ್ಲ. ಎದುರಿಗಿದ್ದವರ ಮೂಗಿಗೆ ಹತ್ತುವ ಘಾಟು ತನ್ನ ಮೂಗಿಗೆ ಹತ್ತುವುದಿಲ್ಲವೆಂದು ಇಷ್ಟು ವರ್ಷ ನಕ್ಕವಳು ಅಂದು ಒಲೆಯ ಮುಂದೆ ಕೂತು ತಲೆ ಚಚ್ಚಿಕೊಂಡಳು.

ಅಂದಿನಿಂದ ವೀರೇಂದ್ರ ಬಾಯಿ ತೆರೆಯಲಿಲ್ಲ. ನೀರು ಕೊಟ್ಟರೂ ತಲೆ ತಿರುವಿದ. ಹುಬ್ಬಳ್ಳಿಗೆ ಒಯ್ದರು, ನಳಿಕೆ ಹಾಕಿದರು. ಇದು ಹೇಗೂ ಬರುವುದೇ ಇತ್ತು, ನಿಮ್ಮ ಹಾಳೆಯಿಂದಲೇ ಆದದ್ದಲ್ಲ ಎಂದು ಡಾಕ್ಟರು ಹೇಳಿದರು. ಶೈಲಶ್ರೀಯೂ ಅದನ್ನೇ ಹೇಳಿದಳು, ಒಂದು ಸಲವಲ್ಲ, ಹಲವು ಸಲ. ರೋಗ ಕುತ್ತಿಗೆಗೆ ಇಳಿದಿದೆಯೆಂದೂ ಇನ್ನು ಕೊಡಲು ಔಷಧವಿಲ್ಲವೆಂದೂ ಆ ದಿನವೇ ಗೊತ್ತಾಯಿತು. ಸಿದ್ದವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಡಾಕ್ಟರು ಸಾವಿನ ಮಾತಾಡುತ್ತಿದ್ದರೆ ಅವಳ ತಲೆಯಲ್ಲಿ ಮೂರು ತುತ್ತುಗಳೇ ಇದ್ದವು. ಅವನ ಬಾಯಿಗೆ ಹೋದ ಕಡೆಯ ಅನ್ನ ಅದು, ಅದನ್ನು ಉರಿಯಾಗಿ ಕೊಟ್ಟವಳು ತಾನು.

ಶಾವಿಗೆಗೆ ಕರೆಯಲು ಬಂದವರನ್ನು ಅವಳು ಬಾಗಿಲಿನಿಂದಲೇ ಕಳಿಸಿದಳು. ಮಗನನ್ನು ಮೂರು ದಿನ ಸೊಸೆಯ ಕೈಗೆ ಒಪ್ಪಿಸಿ, ಬೀಸಿದ ಹಿಟ್ಟಿನ ಗಂಟು ಕಟ್ಟಿಕೊಂಡು ಹಾವೇರಿಗೆ ಹೋಗಿ, ಅಲ್ಲಿಂದ ಕರ್ಜಗಿಯ ಬಸ್ಸು ಹಿಡಿದು, ತಂಗಿ ಸುಶೀಲವ್ವನ ಮನೆ ಮುಟ್ಟಿದಳು. ಆ ಮನೆಯ ಸುತ್ತ ಮೆಕ್ಕೆಜೋಳದ ಹೊಲ. ಹೊಸ್ತಿಲೊಳಗೆ ಕಾಲಿಡುವ ಮೊದಲು ಖಾರದ ಡಬ್ಬಿಯನ್ನು ಹೊರಗಿಡಿಸಿದಳು. ಉಟ್ಟು ಬಂದ ಸೀರೆ ಬಿಟ್ಟು ತಂಗಿಯ ಸೀರೆ ಉಟ್ಟಳು. ನಳಿಕೆ ಹಾಕಿದ ಮೇಲೆ ಇದನ್ನು ಉಣ್ಣುವವರು ಯಾರಕ್ಕಾ ಎಂದು ಸುಶೀಲವ್ವ ಕೇಳಿಯೇಬಿಟ್ಟಳು. ಸಿದ್ದವ್ವ ಗಂಟು ಬಿಚ್ಚಿ ಪರಾತಕ್ಕೆ ಹಿಟ್ಟು ಸುರಿದಳು. ಹಿಟ್ಟು ನಾದುತ್ತ ಅತ್ತಳು, ಕಣ್ಣೀರು ಹಿಟ್ಟಿಗೆ ಬೀಳದಂತೆ ಮುಖ ಪಕ್ಕಕ್ಕೆ ತಿರುವಿಕೊಂಡು ಅತ್ತಳು. ಹಾಳೆಗಳು ಅಲ್ಲಿಯೂ ಎರಡು ಬಿಸಿಲು ಉಂಡವು. ಮಗುಚುವ ಮೊದಲು ಪ್ರತಿ ಸಲವೂ ತಂಗಿಯ ಕೈಯಿಂದಲೇ ಚೂರು ಮುರಿಸಿ, ಅವಳಿಗೇ ತಿನ್ನಿಸಿ, ಖಾರ ಐತೇನು ಎಂದು ಕೇಳಿದಳು.

ತಂದು ಮನೆಯಲ್ಲಿಟ್ಟ ಹಾಳೆಯ ಡಬ್ಬಿಯನ್ನು ವೀರೇಂದ್ರನೇ ನೋಡಿದ. ಮೂಗಿನ ನಳಿಕೆಗೆ ಅಂಟುಪಟ್ಟಿ ಹಚ್ಚಿದ್ದ ಮುಖದಲ್ಲಿ ಏನು ಮೂಡಿತೋ ತಿಳಿಯಲಿಲ್ಲ. ಮಾಡು ಎಂದು ಕೈಸನ್ನೆ ಮಾಡಿದ. ಶೈಲಶ್ರೀ ಬೇಡವೆನ್ನುವಂತೆ ನೋಡಿದಳು. ಅವನು ಮತ್ತೆ ಸನ್ನೆ ಮಾಡಿದ. ಗೊಜ್ಜು ಇನ್ನೊಂದಿಷ್ಟು, ಹಾಳೆಯ ಅಂಚು ಒಂದರ ಮೇಲೊಂದು ಬರಲಿ, ಚೀಸು ಮೇಲೆ ಮಾತ್ರ ಎಂದು ಬೆರಳಾಡಿಸುತ್ತ ಮಂಚದ ಮೇಲಿನಿಂದಲೇ ಅಡಿಗೆ ನಡೆಸಿದ. ಬೆಂದು ಬಂದದ್ದನ್ನು ತಾಯಿ ತಟ್ಟೆಯಲ್ಲಿಟ್ಟು ಅವನ ಹತ್ತಿರ ಹಿಡಿದಾಗ ತಲೆ ಅಲ್ಲಾಡಿಸಿ, ಮೊದಲು ಹೆಂಡತಿಯ ಕಡೆಗೆ ಬೆರಳು ತೋರಿಸಿದ. ಶೈಲಶ್ರೀ ತಿಂದು ನೋಡಿ, ಖಾರ ಇಲ್ಲ, ಏನೂ ಇಲ್ಲ ಎಂದಳು.

ಅವನು ತಾಯಿಯನ್ನು ಹತ್ತಿರ ಕರೆದ. ನಳಿಕೆ ಇಳಿದ ಗಂಟಲಿನಿಂದ ಮಾತು ಒಂದೊಂದೇ ಬಂತು.

"ನೀ ಉಣ್ಣವ್ವಾ. ನಾ ನೋಡ್ತೇನಿ."

ಸಿದ್ದವ್ವ ಮಂಚದ ಪಕ್ಕ ಕೂತು ತುತ್ತು ಮುರಿದಳು. ಅವಳ ಬಾಯಿಗೆ ಅದು ಬರೇ ಸಪ್ಪೆ. ಅಗಿದಳು, ನುಂಗಿದಳು. ಅವನು ಅವಳ ಬಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಅವಳು ನುಂಗಿದಾಗಲೆಲ್ಲ ನಳಿಕೆಯ ಪಕ್ಕದಲ್ಲಿ ಅವನ ಗಂಟಲೂ ಮೇಲೆ ಕೆಳಗೆ ಆಡುತ್ತಿತ್ತು. ತಟ್ಟೆ ಖಾಲಿಯಾಯಿತು. ಅವನು ಇನ್ನೊಂದು ತುಂಡಿನ ಕಡೆ ಬೆರಳು ತೋರಿಸಿದ. ಅವಳು ಅದನ್ನೂ ಹಾಕಿಕೊಂಡು ಉಂಡಳು.