ಕತ್ತರಿ ಮೇಜಿನ ಮೇಲೆ ನಾಲ್ಕು ಕೈ

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಕತ್ತರಿ ಅಕ್ಕ. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದ ಗೆರೆಯ ಮೇಲೆ ವಿದ್ಯುತ್ ಕತ್ತರಿ ಓಡಿಸುವುದು ಅವಳ ಕೆಲಸ. ಎದುರಿಗೆ ನಿಂತು ಬಟ್ಟೆ ಜರುಗದಂತೆ ಅದುಮಿ ಹಿಡಿಯುವವಳು ಸ್ವಂತ ತಂಗಿ. ಯಂತ್ರದ ಗುಂಡಿ ಒತ್ತುವ ಮೊದಲು ಅಕ್ಕ "ಕೈ" ಎನ್ನಬೇಕು, ತಂಗಿ ಕೈ ಹಿಂದಕ್ಕೆ ಸರಿಸಿ "ಸರಿ" ಎನ್ನಬೇಕು. ಮನೆಯಲ್ಲಿ ಕಾಲು ಕೆರೆದು ಜಗಳವಾಡುವ ಈ ಇಬ್ಬರು ಈ ಮಾತಿಗೆ ಮಾತ್ರ ಎಂದೂ ತಪ್ಪಿದವರಲ್ಲ.

ಅಕ್ಕನಿಗೆ ಹರೆಯದಿಂದಲೂ ಫಿಟ್ಸ್. ಮಾತ್ರೆಯ ದಯೆಯಿಂದ ಅದು ಬಾಲ ಮುದುರಿಕೊಂಡು ವರ್ಷಗಳಾಗಿದ್ದವು. ಆ ಧೈರ್ಯದಲ್ಲೇ ಮೇಸ್ತ್ರಿ ಅವಳ ಕೈಗೆ ಯಂತ್ರ ಕೊಟ್ಟಿದ್ದ. "ಮತ್ತೆ ಬಂತೋ, ಮೇಜು ಬಿಟ್ಟುಕೊಡ್ಬೇಕಮ್ಮ" ಎಂದೂ ಹೇಳಿದ್ದ. ಆ ಮೇಜೆಂದರೆ ಅವಳಿಗೆ ಜೀವ. ಮುಟ್ಟು ನಿಂತ ಮೇಲೆ ಮೈ ಕಾದ ಹೆಂಚಾಗಿ ನಿದ್ದೆಗೆಟ್ಟಾಗ ಡಾಕ್ಟರಮ್ಮ ಹಾರ್ಮೋನ್ ಮಾತ್ರೆ ಕೊಟ್ಟರು. ಅದು ಫಿಟ್ಸ್ ಮಾತ್ರೆಯ ಬಲ ತಗ್ಗಿಸುತ್ತದೆಂದು, ಫಿಟ್ಸ್ ಮಾತ್ರೆಯನ್ನೂ ಹೆಚ್ಚಿಸಿದರು. ಅಕ್ಕ ಹೂಂಗುಟ್ಟಿದಳು, ಅಷ್ಟೇ. ಮನಸ್ಸೆಲ್ಲ ಕಾರ್ಖಾನೆಯಲ್ಲಿತ್ತು.

"ಆ ಹಾರ್ಮೋನು ಗೀರ್ಮೋನು ಇನ್ನೂ ಯಾಕಕ್ಕಾ? ಮೈ ಸರಿಹೋಯ್ತಲ್ಲ, ಬಿಟ್ಬಿಡು," ಎಂದು ತಂಗಿ ವರಾತ ಹಚ್ಚಿದಳು. ಅಕ್ಕ ಯಾರನ್ನೂ ಕೇಳದೆ ಬಿಟ್ಟೇಬಿಟ್ಟಳು.

ಕೆಲವೇ ದಿನಗಳಲ್ಲಿ ತಲೆ ಗಿರ್ರೆನ್ನತೊಡಗಿತು. ಮೆಟ್ಟಿಲಿಳಿದರೆ ಕಾಲೆಲ್ಲೋ ನೆಲವೆಲ್ಲೋ. ಹಳೆಯ ಶನಿ ಮತ್ತೆ ಹೆಗಲೇರಿತೆಂದೇ ಅವಳು ಬಗೆದಳು. ಬಾಯಿಬಿಟ್ಟರೆ ಮೇಜು ಹೋಯಿತು. ಹಾಗಾಗಿ ತುಟಿಪಿಟಿಕ್ಕೆನ್ನದೆ, ಬರುವುದನ್ನು ತಡೆಯಲು ಫಿಟ್ಸ್ ಮಾತ್ರೆಯನ್ನು ಒಂದರ ಜೊತೆ ಇನ್ನೊಂದು ನುಂಗತೊಡಗಿದಳು. ತಾನೇ ಡಾಕ್ಟರಾದ ಮೇಲೆ ಕೇಳಬೇಕೆ? ತಲೆ ಇನ್ನಷ್ಟು ತಿರುಗಿತು. ಅವಳು ಮತ್ತೊಂದು ನುಂಗಿದಳು.

ಅಂದು ತುರ್ತು ಕೆಲಸ. ಮೇಸ್ತ್ರಿ ಬಾಗಿಲಲ್ಲೇ ನಿಂತು ಅವಸರಪಡಿಸುತ್ತಿದ್ದ. ಅಕ್ಕ ಯಂತ್ರ ಹಿಡಿದು ಬಗ್ಗಿದಳು. ಗೆರೆ ಎರಡಾಗಿತ್ತು. ಕಣ್ಣುಜ್ಜಿಕೊಂಡಳು. ಆಗಲೂ ಎರಡು.

"ಕೈ," ಎಂದಳು, ಅಭ್ಯಾಸಬಲದಿಂದ.

"ಸರಿ," ಎಂದಳು ತಂಗಿ.

ಅಕ್ಕ ತಲೆಯೆತ್ತಿ ನೋಡಿದಳು. ಬಟ್ಟೆಯ ಮೇಲೆ ತಂಗಿಯ ನಾಲ್ಕು ಕೈಗಳಿದ್ದವು. ಎರಡು ಅಲಗಿನಿಂದ ದೂರ, ಎರಡು ಅಲಗಿಗೆ ತಾಗಿದಂತೆ. ಯಾವ ಜೋಡಿ ನಿಜವಾದದ್ದೋ ಅವಳಿಗೆ ತಿಳಿಯಲಿಲ್ಲ. ಹೆಬ್ಬೆರಳು ಗುಂಡಿಯ ಮೇಲಿತ್ತು.

"ಏನಕ್ಕಾ, ನಿದ್ದೇನಾ?"

ಅಕ್ಕ ಹೆಬ್ಬೆರಳು ತೆಗೆದಳು. ಗೋಡೆಯವರೆಗೂ ತಡವರಿಸಿಕೊಂಡು ಹೋಗಿ ಯಂತ್ರದ ತಂತಿಯನ್ನೇ ಕಿತ್ತಳು. "ಮೇಸ್ತ್ರಿ, ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ಫಿಟ್ಸ್ ಬರೋ ಹಾಗಿದೆ. ಮೇಜು ಬೇರೆಯವರಿಗೆ ಕೊಡಿ," ಎಂದಳು. ಹೇಳಿ ಮುಗಿಸಿದ್ದೇ ಅಳು ಬಂತು.

ತಂಗಿಯ ಜೊತೆ ಹೋದಾಗ ಡಾಕ್ಟರಮ್ಮ, ನಾಲ್ಕು ಕೈ ಕಂಡದ್ದೂ ಸೇರಿ ಎಲ್ಲ ಕೇಳಿ, "ಹೊಸದಾಗಿ ಏನಾದ್ರೂ ತಗೊಂಡ್ರಾ?" ಎಂದರು. ಇಲ್ಲವೆಂದಳು. "ಏನಾದ್ರೂ ಬಿಟ್ರಾ?" ಅಕ್ಕ ತಂಗಿಯ ಮುಖ ನೋಡಿದಳು, ತಂಗಿ ನೆಲ ನೋಡಿದಳು.

"ಬಂದಿರೋದು ಫಿಟ್ಸ್ ಅಲ್ಲಮ್ಮ, ಮಾತ್ರೆ ಜಾಸ್ತಿಯಾಗಿರೋದು. ಹಾರ್ಮೋನ್ ನಿಲ್ಸಿದ್ರೆ ನಿಮ್ಮ ಫಿಟ್ಸ್ ಮಾತ್ರೆಯ ಬಲ ಮೈಯಲ್ಲಿ ಏರುತ್ತೆ. ಅದರ ಮೇಲೆ ನೀವು ಬೇರೆ ಸುರಿದಿದೀರ. ಈಗ ಹೆದರಿಕೊಂಡು ಪೂರ್ತಿ ಬಿಟ್ಟೀರ, ಆಗ ಫಿಟ್ಸ್ ನಿಜವಾಗ್ಲೂ ಬರುತ್ತೆ. ನಾನು ರಕ್ತ ನೋಡಿ ಹೇಳಿದ ಹಾಗೆ ಇಳಿಸ್ಬೇಕು. ಅಲ್ಲೀವರೆಗೂ ಯಂತ್ರದ ಹತ್ರ ಸುಳಿಯೋ ಹಾಗಿಲ್ಲ."

ದಾರಿಯುದ್ದಕ್ಕೂ ತಂಗಿ ಅಕ್ಕನ ಕೈ ಹಿಡಿದೇ ನಡೆದಳು. ಅದು ಅವಳ ಜಾಯಮಾನವೇ ಅಲ್ಲ.

ಬೇಸಿಗೆ ಕಳೆಯುವವರೆಗೆ ಅಕ್ಕ ಕಾರ್ಖಾನೆಯ ಮೂಲೆಯಲ್ಲಿ ಕುಳಿತು ಅಂಗಿಯ ಗುಂಡಿ ಎಣಿಸಿದಳು. ಡಾಕ್ಟರಮ್ಮ ಹೂಂ ಎಂದ ಮೇಲೂ ಮೇಸ್ತ್ರಿ ಮೀನಮೇಷ ಎಣಿಸಿದ. "ಕೊಡೋಣ. ಆದ್ರೆ ಎದುರಿಗೆ ಹಿಡಿಯೋಕೆ ಯಾರು ಒಪ್ತಾರಮ್ಮ?" ಎಂದ.

ತಂಗಿ ಆಗಲೇ ಮೇಜಿನ ಆಚೆ ನಿಂತು ಬಟ್ಟೆಯ ಮೇಲೆ ಅಂಗೈ ಊರಿದ್ದಳು.

ಅಕ್ಕ ಯಂತ್ರ ಹಿಡಿದಳು. "ಕೈ," ಎಂದಳು.

ತಂಗಿ ಸರಿ ಎನ್ನಲಿಲ್ಲ. "ಎಷ್ಟು ಕಾಣ್ತವೆ, ಹೇಳು," ಎಂದಳು.

"ಎರಡು."

"ಸರಿ," ಎಂದಳು ತಂಗಿ.