ಗಾಜಿನೊಳಗಿನ ವೀರಭದ್ರ, ಪಕ್ಕದಲ್ಲೊಬ್ಬ ಅಜ್ಜ

ಮ್ಯೂಸಿಯಂನಲ್ಲಿ ಯಾರಾದರೂ ಚಪ್ಪಲಿ ಬಿಟ್ಟು, ಗಂಟಲು ಬಿರಿಯುವಂತೆ ವೀರಭದ್ರನನ್ನು ಹೊಗಳುವ ಒಡಪು ಹೇಳಿದ್ದನ್ನು ನೋಡಿದ್ದೀರಾ? ನಾನು ಹೋದ ವಾರ ನೋಡಿದೆ. ಹೇಳಿದವನು ನಮ್ಮ ರುದ್ರಣ್ಣ. ಸೆಕ್ಯುರಿಟಿಯವನು ಓಡಿ ಬಂದ. (ನಾನು? ಪಕ್ಕದ ಹಳೇ ನಾಣ್ಯಗಳನ್ನು ಭಾರೀ ಆಸಕ್ತಿಯಿಂದ ನೋಡತೊಡಗಿದೆ.)

ರುದ್ರಣ್ಣ ನನ್ನ ದೊಡ್ಡಪ್ಪನ ಮಗ. ಅಜ್ಜಂಪುರದಲ್ಲಿ ಸಿಮೆಂಟ್ ಅಂಗಡಿ, ಕಾರ್ತಿಕ ಬಂತೆಂದರೆ ವೀರಗಾಸೆ. ಕುಣಿಯುವಾಗ ಎದೆಗೆ ಕಟ್ಟುವ ವೀರಭದ್ರನ ಹಲಗೆಯನ್ನು ಮುತ್ತಜ್ಜನ ಕಾಲದಲ್ಲಿ ಒಬ್ಬ ಬಿಳಿ ಸಾಹೇಬ ‘ನೋಡಿ ಕೊಡ್ತೀನಿ’ ಅಂತ ಒಯ್ದ. ಇನ್ನೂ ನೋಡ್ತಾನೇ ಇದ್ದಾನೆ! ಹಲಗೆ ಈ ಮ್ಯೂಸಿಯಂ ಸೇರಿತು. ನಮ್ಮವರು ವರ್ಷಕ್ಕೊಮ್ಮೆ ಬಸ್ಸು ಹತ್ತಿ ಬಂದು, ಗಾಜಿಗೆ ಕೈ ಮುಗಿದು ಹೋಗುತ್ತಾರೆ.

ಅದನ್ನೊಮ್ಮೆ ಎದೆಗೆ ಕಟ್ಟಬೇಕು ಅನ್ನುತ್ತಲೇ ದೊಡ್ಡಪ್ಪ ಈ ವರ್ಷ ತೀರಿಕೊಂಡರು. ರುದ್ರಣ್ಣ ತರೀಕೆರೆಯಲ್ಲಿ ಮಾಡಿಸಿದ ಹೊಸ ಹಲಗೆ ಕಟ್ಟುತ್ತಾನೆ. ‘ಆವೇಶ ಬರಲ್ಲ ಕಣೋ’ ಅಂತ ಗೊಣಗುತ್ತಾನೆ. ಅವತ್ತು ಗಾಜಿನೊಳಗಿನ ಹಳೇ ಹಲಗೆ ಕಂಡಕೂಡಲೇ ತಡೆಯಲಾಗಲಿಲ್ಲ ಅವನಿಗೆ.

ಅಲ್ಲೇ ಪಕ್ಕದ ಪೆಟ್ಟಿಗೆಯಿಂದ ಮರದ ಮುಖವಾಡವೊಂದನ್ನು ತೆಗೆಸುತ್ತಿದ್ದ ಮ್ಯೂಸಿಯಂ ಮೇಡಂ ಸೆಕ್ಯುರಿಟಿಯನ್ನು ತಡೆದರು. ಪುಣ್ಯಾತ್ಗಿತ್ತಿ!

‘ಇದನ್ಯಾಕ್ ತೆಗೀತಿದ್ದೀರಾ ಮೇಡಂ?’ ರುದ್ರಣ್ಣ ಕಣ್ಣೊರೆಸಿಕೊಂಡು ಕೇಳಿದ.

‘ನಿಮ್ಮ ಹಲಗೆ ಒಯ್ದ ಸಾಹೇಬನೇ ಅಮೆರಿಕದ ಮೂಲನಿವಾಸಿಗಳ ಹತ್ರದಿಂದ ತಂದಿದ್ದು. ಅವರು ಇದನ್ನ ಅಜ್ಜ ಅಂತಾರೆ. ಮೆಕ್ಕೆಜೋಳದ ಹಿಟ್ಟು ಉಣಿಸ್ತಾರೆ. ನಮ್ಮಜ್ಜನ್ನ ಉಪವಾಸ ಕೆಡವಿದ್ದೀರಿ, ಕಳಿಸಿಕೊಡಿ ಅಂತ ಕೇಳಿದ್ರು. ಕಳಿಸ್ತಿದ್ದೀವಿ.’

ರುದ್ರಣ್ಣ ಮುಖವಾಡಕ್ಕೂ ಕೈ ಮುಗಿದ. ‘ಅಯ್ಯೋ ಪಾಪ! ನಮ್ಮೂರಲ್ಲಿ ಲೋಡುಗಟ್ಟಲೆ ಮೆಕ್ಕೆಜೋಳ ಬೆಳೀತೀವಿ. ಗೊತ್ತಿದ್ರೆ ಒಂದು ಹಿಡಿ ತರ್ತಿದ್ದೆ.’

ಆಮೇಲೆ ಮೆಲ್ಲಗೆ, ‘ಅಂದ್ರೆ... ಕೇಳಿದ್ರೆ ಕೊಡ್ತೀರಾ?’

‘ವಿಚಾರಣೆ, ಮೀಟಿಂಗು, ಎಲ್ಲಾ ಆಗ್ಬೇಕು. ಟೈಮ್ ಹಿಡಿಯುತ್ತೆ. ಆದ್ರೆ ನಿಮ್ಮವರು ಒಂದ್ಸಲಾನೂ ಕೇಳೇ ಇಲ್ವಲ್ಲ! ಕೈ ಮುಗಿದು ಹೋಗ್ತಾನೇ ಇದ್ದೀರಿ.’

ನೋಡಿ ನಮ್ಮ ಜನ! ಗಾಜು, ಬೀಗ, ಸರ್ಕಾರಿ ಬೋರ್ಡು ಕಂಡರೆ ಮುಗಿಯಿತು. ನಮ್ಮನೆ ದೇವರನ್ನೇ ನೆಂಟರ ಹಾಗೆ ನೋಡಿ ಬರುತ್ತೇವೆ. ಸಾಹೇಬ ಹೋದ, ಅವನ ದರ್ಬಾರೂ ಹೋಯ್ತು. ನಮ್ಮ ಹಿಂಜರಿಕೆ ಯಾವಾಗ ಹೋಗೋದು?

ರುದ್ರಣ್ಣನದು ಅವತ್ತೇ ಹೋಯ್ತು ಅನ್ನಿ. ಅಲ್ಲೇ ಕೂತು ಅರ್ಜಿ ಬರೆದುಕೊಟ್ಟ. ಮೇಡಂ ‘ನಾನೂ ಓಡಾಡ್ತೀನಿ’ ಅಂದರು. ನನಗಂತೂ ಹೊಟ್ಟೆ ತುಂಬಿದ ಹಾಗಾಯಿತು.

ವಾಪಸ್ ಬಂದು ಕಡೂರಲ್ಲಿ ಬಸ್ಸಿಳಿಯುವಾಗ ರುದ್ರಣ್ಣ ಅಂದ: ‘ಸಮುದ್ರದಾಚೆಯವರು ಅಲ್ಲಿಂದಲೇ ಕೇಳಿದ್ರು. ನಮಗೆ ದಿನಾ ಬಸ್ಸಿತ್ತಲ್ಲೋ, ಬಾಯಿ ಬಿಟ್ಟು ಕೇಳೋಕೆ ಏನು ಧಾಡಿ ಆಗಿತ್ತು?’